ಒಡೆಯದೆ ಉಳಿದ ಬಟ್ಟಲು

"ಇದರಲ್ಲಿ ಉಣ್ಣಬೇಡ. ಯಾರಿಗೂ ಉಣಿಸಬೇಡ. ಸಮುದ್ರಕ್ಕೆ ಬಿಟ್ಟುಬಿಡು."

ಜಪಾನಿ ಮುದುಕ ಇನಗಾಕಿ ಎರಡೂ ಕೈಯಲ್ಲಿ ಹಿಡಿದು ನೀಡಿದ ಬಟ್ಟೆಯ ಗಂಟನ್ನು ಖಲೀಲುರ್ರಹ್ಮಾನ್ ಒಂದೇ ಕೈಯಲ್ಲಿ ಇಸಿದುಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. ಏನೂ ಕುಲುಕಲಿಲ್ಲ. ಬಿಚ್ಚಿದರೆ ಒಂದು ಮಣ್ಣಿನ ಬಟ್ಟಲು. ಮೆರುಗಿಲ್ಲ, ಬಣ್ಣವಿಲ್ಲ, ಒಂದು ಗೆರೆಯ ಚಿತ್ತಾರವೂ ಇಲ್ಲ. ಅಂಚು ಮಾತ್ರ ಯಾರೋ ತುಟಿಯಿಟ್ಟು ಕುಡಿದೂ ಕುಡಿದೂ ನುಣುಪಾದಂತೆ ಹೊಳೆಯುತ್ತಿತ್ತು.

"ಇಷ್ಟು ಸಣ್ಣ ವಸ್ತುವಿಗೆ ಸಮುದ್ರ ಯಾಕೆ ಸಾರ್? ಕಸದ ಡಬ್ಬ ಇಲ್ಲೇ ಉಂಟಲ್ಲ," ಎಂದು ನಕ್ಕ.

ನಗಬಾರದಿತ್ತು. ಆದರೆ ಖಲೀಲ್ ಎಲ್ಲದಕ್ಕೂ ನಗುವ ಮನುಷ್ಯ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು, ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ದೇರಳಕಟ್ಟೆಯಿಂದ ಅರಬರ ನಾಡಿನ ಖಮೀಸ್ ಮುಶೈತ್‌ಗೆ ಬಂದು, ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಮೇಸ್ತ್ರಿಯಾಗಿ, ವೀಸಾ ಕೊಟ್ಟ ಧಣಿ, ಅಂದರೆ ಕಫೀಲ್, ಖೋಬರಿನಲ್ಲಿ ಹೊಸ ಶಾಖೆ ತೆರೆದಾಗ ಹೆಂಡತಿ ಮಗಳನ್ನೂ ಕಟ್ಟಿಕೊಂಡು ಅಲ್ಲಿನ ಥುಕ್ಬಾಕ್ಕೆ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಊರು ಬಿಡುವ ಪರದೇಶಿಗಳ ಮನೆ ಖಾಲಿ ಮಾಡಿಸುವುದು ಅವನ ಕೆಲಸ. ಇಂಥ ಮನೆಗಳಲ್ಲಿ ಬಿಟ್ಟುಹೋಗುವ ವಸ್ತುಗಳ ಮೇಲೆ ಮೇಸ್ತ್ರಿಗೆ ಒಂದು ಕಣ್ಣು ಇದ್ದೇ ಇರುತ್ತದೆ.

ಈ ಮನೆ ಮಾತ್ರ ಅವನಿಗೆ ಹಿಡಿಸಿರಲಿಲ್ಲ. ಹೊರಗೆ ಜುಲೈ ತಿಂಗಳ ಬಿಸಿಲು ಕಣ್ಣು ಕುಕ್ಕುತ್ತಿದ್ದರೆ ಒಳಗೆ ಎಲ್ಲ ಕಿಟಕಿಗೂ ದಪ್ಪ ಪರದೆ. ಹಳೆಯ ಅಕ್ಕಿ ಹಿಟ್ಟು ಮುಗ್ಗಿದಂಥ ವಾಸನೆ, ಅದರ ಅಡಿಯಲ್ಲಿ ಎಂದೋ ಆರಿದ ಧೂಪದ ವಾಸನೆ. ನಡುಮನೆಯಲ್ಲಿ ಒಂದು ಚಾಪೆ. ಕಾಲು ಮಡಚಿ ಕೂತ ಮನುಷ್ಯನ ಎರಡು ಮೊಣಕಾಲು, ಎರಡು ಹಿಮ್ಮಡಿ ಅದರಲ್ಲಿ ಗುಳಿಯಾಗಿ ಇಳಿದಿದ್ದವು. ಆಳುಗಳಲ್ಲಿ ಯಾರೂ ಆ ಚಾಪೆಯನ್ನು ಸುತ್ತಲು ಮುಂದೆ ಬರಲಿಲ್ಲ.

ಉಪ್ಪು ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಇನಗಾಕಿ ಒಂದು ಪೆಟ್ಟಿಗೆಯ ಮೇಲೆ ಕೂತು ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದ. ತನ್ನ ದೇಶದಲ್ಲಿ ಹಿಂದೆ ಒಬ್ಬ ಚಕ್ರವರ್ತಿ ಇದ್ದನಂತೆ. ಹೆಸರು ಹೇಳಬಾರದಂತೆ. ಆಡುವ ವಯಸ್ಸಿನಲ್ಲಿ ಅವನನ್ನು ಕ್ಯೋತೊದ ಸಿಂಹಾಸನಕ್ಕೆ ಹತ್ತಿಸಿದರು. ಆದರೆ ಆಳುವವನು ಅವನಲ್ಲ, ದೂರದ ಎದೊ ಪಟ್ಟಣದಲ್ಲಿದ್ದ ಶೋಗನ್ ಎಂಬ ಸೇನಾಧಿಪತಿ. ಸೈನ್ಯ ಶೋಗನ್‌ದು, ಕಣಜ ಶೋಗನ್‌ದು, ಕಾನೂನು ಶೋಗನ್‌ದು. ಚಕ್ರವರ್ತಿಗೆ ಉಳಿದದ್ದು ಬರೀ ಕೈಮುಗಿತ. ಅರಮನೆಯ ಗೋಡೆ ದಾಟಬೇಕಾದರೆ ಶೋಗನ್ ಅಪ್ಪಣೆ ಬೇಕು, ಆ ಅಪ್ಪಣೆ ಅವನ ಆಯುಷ್ಯದಲ್ಲಿ ಬರಲೇ ಇಲ್ಲ.

"ಓ, ನಮ್ಮ ಹಾಗೇ. ಕಫೀಲ್ ಸಹಿ ಹಾಕದೆ ಏರ್‌ಪೋರ್ಟ್ ಮುಖ ನೋಡ್ಲಿಕ್ಕಿಲ್ಲ," ಎಂದ ಖಲೀಲ್. ಆಳುಗಳು ನಕ್ಕರು. ಮುದುಕ ನಗಲಿಲ್ಲ.

ಬೆಳಕು ಹರಿದಾಗಿನಿಂದ ಹೊತ್ತು ಮುಳುಗುವವರೆಗೆ ಚಕ್ರವರ್ತಿ ಅಲುಗಾಡದೆ ಕೂರಬೇಕಿತ್ತು. ಅವನು ಕತ್ತು ಹೊರಳಿಸಿದ ದಿಕ್ಕಿಗೆ ಬರ ಬರುತ್ತದೆ, ಕೈ ಎತ್ತಿದರೆ ದಂಗೆ ಏಳುತ್ತದೆ ಎಂದು ನಂಬಿದ್ದರು. ಪಾದಕ್ಕೆ ಮಣ್ಣು ತಾಗುವಂತಿಲ್ಲ. ಎಚ್ಚರವಿರುವಾಗ ಉಗುರು ಕತ್ತರಿಸುವಂತಿಲ್ಲ, ಅವನು ಮಲಗಿದ ಮೇಲೆ ಕಳ್ಳರ ಹಾಗೆ ಬಂದು ಕತ್ತರಿಸಿ ಹೋಗುತ್ತಿದ್ದರು. ಅನ್ನ ಹತ್ತಾರು ಕೈ ದಾಟಿ ಅವನ ಮುಂದೆ ಬರುವಾಗ ತಣ್ಣಗಾಗಿರುತ್ತಿತ್ತು. ಬಿಸಿ ಅನ್ನ ಎಂದರೆ ಏನೆಂದು ಆ ಮಹಾಪ್ರಭುವಿಗೆ ಸಾಯುವವರೆಗೂ ಗೊತ್ತಾಗಲಿಲ್ಲ. ಪ್ರತಿ ಊಟಕ್ಕೂ ಹೊಸ ಮಣ್ಣಿನ ಬಟ್ಟಲು. ಉಂಡ ಕೂಡಲೇ ಅದನ್ನು ಒಡೆಯಬೇಕು. ಬೇರೆಯವರು ಅದರಲ್ಲಿ ಉಂಡರೆ ಬಾಯಿ ಗಂಟಲು ಬಾತು ಸಾಯುತ್ತಾರೆ.

ಒಂದು ವರ್ಷ ಘೋರ ಬರ ಬಂತು. ಹಸಿದ ಜನ ಅರಮನೆಯ ಗೋಡೆಯ ಸುತ್ತ ಪ್ರದಕ್ಷಿಣೆ ಹಾಕಿದರು, ಕೊನೆಯ ಬಿಡಿಗಾಸನ್ನು ಗೋಡೆಯೊಳಗೆ ಎಸೆದು ಮೊರೆಯಿಟ್ಟರು. ಹುಲ್ಲಿನ ಚಪ್ಪಲಿಗಳ ಸಪ್ಪಳ ಹಗಲಿಡೀ ಕೇಳುತ್ತಿತ್ತು. ಕೊಡೋಣವೆಂದರೆ ಒಂದು ಹಿಡಿ ಅಕ್ಕಿಯೂ ಅವನದಲ್ಲ. ಆಗ ಬಟ್ಟಲು ಒಡೆಯುವ ಆಳಿನ ಪುಟ್ಟ ಮಗಳು ಪರದೆಯ ಸಂದಿಯಿಂದ ಅವನ ಅನ್ನವನ್ನೇ ನೋಡುತ್ತಾ ನಿಂತಿದ್ದಳು. ಅವನು ಜೀವಮಾನದಲ್ಲಿ ಒಮ್ಮೆ ಅಲುಗಾಡಿದ. ಬಟ್ಟಲನ್ನು ಅವಳತ್ತ ತಳ್ಳಿದ. ಅವಳು ಉಂಡಳು, ಗಂಟಲು ಬಾತು ಅಲ್ಲೇ ಸತ್ತಳು. ಚಕ್ರವರ್ತಿ ಆಮೇಲೆ ಸಾಯುವ ದಿನದವರೆಗೆ ರೆಪ್ಪೆಯನ್ನೂ ಅಲುಗಿಸಲಿಲ್ಲವಂತೆ. ಆದರೆ ತನ್ನ ಮಗಳು ಕೊನೆಯ ಬಾರಿ ಉಂಡ ಬಟ್ಟಲನ್ನು ಒಡೆಯಲು ಆ ತಂದೆಗೆ ಕೈ ಬರಲಿಲ್ಲ.

"ಆ ಆಳು ನಮ್ಮ ವಂಶದ ಹಿರಿಯ," ಎಂದ ಇನಗಾಕಿ. "ಬಟ್ಟಲು ಇದೇ. ನೆನಪಿಟ್ಟುಕೋ. ಕೇಳಿದ್ದೀಯಲ್ಲ? ಪೂರ್ತಿ ಕೇಳಿದ್ದೀಯಲ್ಲ?"

"ಕೇಳಿದೆ ಸಾರ್, ಕೇಳಿದೆ. ಯಲ್ಲಾ ಹುಡುಗರೇ, ಮಂಚ ಬಿಚ್ಚಿ."

ಸಂಜೆ ಗಾಡಿ ಸಮುದ್ರದ ಬದಿಯಲ್ಲೇ ಬಂತು. ಖಲೀಲ್ ನಿಲ್ಲಿಸಲಿಲ್ಲ. ಗಟ್ಟಿಯಾಗಿರುವ ಪಾತ್ರೆಯನ್ನು ನೀರಿಗೆಸೆದು ಹಾಳು ಮಾಡುವುದು ತಪ್ಪೆಂದು ಅವನ ಉಮ್ಮ ಕಲಿಸಿದ್ದಳು. ಸತ್ತ ರಾಜನ ಸಿಟ್ಟಿಗೆ ಹೆದರುವುದು ಅದಕ್ಕಿಂತ ದೊಡ್ಡ ತಪ್ಪೆಂದು ಅವನೇ ತೀರ್ಮಾನಿಸಿದ. ಮೇಲಾಗಿ ಅದು ರಂಜಾನ್ ತಿಂಗಳು, ಮನೆಯಲ್ಲಿ ಗಂಜಿ ಕಾಯುತ್ತಿತ್ತು.

ಹೆಂಡತಿ ಮೈಮೂನತ್ ಬಟ್ಟಲನ್ನು ನೋಡಿ ಮುಖ ಕಿವಿಚಿದಳು. "ಇದೆಲ್ಲಿಂದ ತಂದ್ರಿ? ಕಂಡವರ ಮನೆಯದ್ದು."

ಖಲೀಲ್ ಕೈಯಾಡಿಸುತ್ತಾ ಚಕ್ರವರ್ತಿಯ ಕಥೆಯನ್ನೆಲ್ಲ ಹೇಳಿದ. ಏಳು ವರ್ಷದ ಮಗಳು ಮಿಸ್ರಿಯಾ ಬಾಯಿ ತೆರೆದು ಕೇಳಿದಳು. ಮೈಮೂನತ್ ಕೇಳಿ ಮುಗಿದ ಮೇಲೆ, "ಪಾಪ. ಅಷ್ಟು ದೊಡ್ಡ ಅರಮನೆಯಲ್ಲಿ ಜೊತೆಗೆ ಕೂತು ಉಣ್ಲಿಕ್ಕೆ ಒಬ್ಬರಿಲ್ಲ," ಎಂದಳು. ಆಮೇಲೆ, "ಬೇಡ ಇವರೇ. ಬೇಡ ಅಂದದ್ದನ್ನು ಯಾಕೆ ಮಾಡುದು?" ಎಂದಳು.

"ಎಂತ ಮಾರಾಯ್ತಿ ನೀನು! ಒಂದೇ ಬಟ್ಟಲಲ್ಲಿ ಮನೆಯವರೆಲ್ಲ ಉಂಡ್ರೆ ಬರ್ಕತ್. ಆ ರಾಜನಿಗೆ ಅದು ಸಿಕ್ಕಲಿಲ್ಲ, ನಮಗೆ ಸಿಕ್ಕಿದೆ."

ಅವನ ಊರಿನಲ್ಲಿ ಹಾಗೇ. ಉಪವಾಸ ಬಿಡುವಾಗ ಒಂದೇ ಬಟ್ಟಲು ಗಂಜಿಗೆ ಎಲ್ಲರ ಚಮಚ. ಬಾಂಗ್ ಕೇಳಿತು. ಖರ್ಜೂರ ತಿಂದು, ಹಬೆಯಾಡುವ ಗಂಜಿಯನ್ನು ಬಟ್ಟಲಿಗೆ ಸುರಿದ. ಹಬೆ ಫಕ್ಕನೆ ನಿಂತಿತು. ಅವನು ಮೊದಲ ಚಮಚ ಬಾಯಿಗಿಟ್ಟ. ತಣ್ಣಗೆ ಕೊರೆಯಿತು. ಮೈಮೂನತ್ ಅಡುಗೆಮನೆಯಿಂದ ಪಾತ್ರೆಯಲ್ಲಿ ಉಳಿದ ಗಂಜಿ ತರಲು ಎದ್ದಳು. ಅಷ್ಟರಲ್ಲಿ ಮಿಸ್ರಿಯಾ ಎರಡು ಚಮಚ ಉಂಡಾಗಿತ್ತು. ಗೋಡೆಯ ಹಿಂದೆಲ್ಲೋ ರೇಷ್ಮೆ ಬಟ್ಟೆ ನೆಲಕ್ಕೆ ಉಜ್ಜಿದ ಹಾಗೆ ಒಂದು ಸದ್ದು. ಏ.ಸಿ. ಇರಬೇಕು ಎಂದುಕೊಂಡ ಖಲೀಲ್.

ಮರುದಿನ ಬೆಳಕು ಹರಿಯುವ ಮೊದಲು ಸಹರಿ ಉಂಡು, ನಮಾಝ್ ಮಾಡಿ ಮಲಗಿದವನು ಕೆಲಸದ ಹೊತ್ತಿಗೆ ಎದ್ದು ಮೈ ಮುರಿದ. ಒಳಗಿನಿಂದ ಮೈಮೂನತ್ ಕಿರುಚಿದಳು.

ಮಗುವಿನ ತುಟಿ ಹಲಸಿನ ತೊಳೆಯಂತೆ ಬಾತಿತ್ತು. ಕುತ್ತಿಗೆ ಗಲ್ಲಕ್ಕೆ ಸಮನಾಗಿತ್ತು. ಉಸಿರು ಸಿಳ್ಳೆಯ ಹಾಗೆ ಬರುತ್ತಿತ್ತು. ಎತ್ತಿಕೊಂಡು ಓಡಿದ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರು, ಮೂಗಿಗೆ ಕೊಳವೆ ಇಟ್ಟರು. ಅಲರ್ಜಿ ಅಂದರು. ಬಾವು ಇಳಿಯಲಿಲ್ಲ. ಖಲೀಲ್ ಮಂಚದ ಪಕ್ಕದ ಕುರ್ಚಿಯಲ್ಲಿ ಕುಸಿದು, ತಲೆ ತಗ್ಗಿಸಿ, ಜೀವ ಹೋದವನಂತೆ ಕೂತ. ಆಗ ಇಳಿಯಿತು. ಔಷಧಿ ತರಲು ಎದ್ದ. ಮತ್ತೆ ಏರಿತು. ಓಡಿ ಬಂದು ಕುಸಿದು ಕೂತ. ಇಳಿಯಿತು. ಡಾಕ್ಟರಿಗೆ ಸೂಜಿಯ ಮೇಲೆ ನಂಬಿಕೆ. ಮೈಮೂನತ್ ಮಾತ್ರ ಗಂಡನ ಮೊಣಕಾಲನ್ನೂ ಮಗಳ ಕುತ್ತಿಗೆಯನ್ನೂ ನೋಡುತ್ತಿದ್ದಳು.

"ಅಲುಗಾಡಬೇಡಿ," ಎಂದಳು ಮೆಲ್ಲಗೆ. "ಇವರೇ, ನಿಮ್ಮ ಕಾಲಿಗೆ ಬೀಳ್ತೇನೆ, ಅಲುಗಾಡಬೇಡಿ."

ಸೂರ್ಯ ಮುಳುಗಿದ ಕೂಡಲೇ ಮಗು ಎದ್ದು ಕೂತು ನೀರು ಕೇಳಿತು. ಏನೂ ಆಗದವಳ ಹಾಗೆ.

ಅದೇ ಸಂಜೆ ಖಲೀಲ್ ಬಟ್ಟಲನ್ನು ಗಾಡಿಗೆ ಹಾಕಿಕೊಂಡು ಹೋಗಿ ಕಡಲಿಗೆ ಬೀಸಿ ಎಸೆದ. ಅದು ಮುಳುಗಿದ್ದನ್ನು ಕಣ್ಣಾರೆ ಕಂಡ. ಮನೆಗೆ ಬಂದರೆ ಅಡುಗೆಮನೆಯ ನಲ್ಲಿಯ ಕೆಳಗೆ ಕೂತಿತ್ತು, ತುಂಬ ಉಪ್ಪು ನೀರು, ಒಂದೆಳೆ ಪಾಚಿ. ಯಾರಿಗೆ ಹೇಳುವುದು? ಮಾಟದ ವಸ್ತು ಮನೆಯಲ್ಲಿದೆ ಎಂದು ಈ ದೇಶದಲ್ಲಿ ಬಾಯಿಬಿಟ್ಟರೆ ಪೊಲೀಸರು ಬಾಗಿಲಿಗೆ ಬರುತ್ತಾರೆ. ಕೆಳಗಿನ ಮನೆಯ ಕಲಂದರ್ ಪುತ್ತೂರಿನವನು, ಒಳ್ಳೆಯ ಹುಡುಗ. ಮಗುವಿಗೆ ಹುಷಾರಿಲ್ಲವೆಂದು ಕೇಳಿ ಕುರಾನ್ ಓದಿ ಊದಿದ ನೀರು ತಂದುಕೊಟ್ಟ. ಮಿಸ್ರಿಯಾ ಕುಡಿದಳು. ಬೆಳಗಾದಾಗ ಅವಳ ಕುತ್ತಿಗೆ ಮತ್ತೆ ಬಾತಿತ್ತು.

ಈ ಸಲ ಮೈಮೂನತ್ ಕಿರುಚಲಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿ, "ಕೂತ್ಕೊಳ್ಳಿ," ಎಂದಳು. ಅವನು ಕೂತ. ಕಾಲು ಮಡಚಿ, ಕೈ ತೊಡೆಯ ಮೇಲಿಟ್ಟು, ಗೋಡೆಯನ್ನು ದಿಟ್ಟಿಸಿ. ಬಟ್ಟಲು ಎದುರಿಗಿತ್ತು. ಅದನ್ನು ಅಲ್ಲಿ ಯಾರಿಟ್ಟರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಮಗುವಿನ ಸಿಳ್ಳೆ ಉಸಿರು ನಿಧಾನಕ್ಕೆ ಸಾಮಾನ್ಯ ಉಸಿರಾಯಿತು.

ಅವನ ಮೊಬೈಲಿನಲ್ಲಿ ಇನಗಾಕಿಯ ನಂಬರಿತ್ತು. ಸಾಮಾನು ತಲುಪಿತೇ ಎಂದು ವಿಚಾರಿಸಲು ಕಂಪನಿಯವರು ಬರೆಸಿಕೊಂಡದ್ದು, ಜಪಾನಿನ ನಂಬರ್. ಮೈಮೂನತ್ ಹಚ್ಚಿ, ಸ್ಪೀಕರಿಗೆ ಹಾಕಿ ಗಂಡನ ಮುಂದೆ ಹಿಡಿದಳು. ಅತ್ತ ಕಡೆ ಮಕ್ಕಳ ಗಲಾಟೆ, ಹಕ್ಕಿಯ ದನಿ. ಆಮೇಲೆ ಮುದುಕನ ಉಸಿರು.

"ಕೂತಿದ್ದಾನಾ?" ಎಂದು ಅವನೇ ಕೇಳಿದ.

ಮೈಮೂನತ್ ಹತ್ತನೆಯ ತರಗತಿಯ ಇಂಗ್ಲಿಷನ್ನು ಒಟ್ಟು ಮಾಡಿಕೊಂಡಳು. "ನನ್ನ ಮಗಳು ಸಾಯ್ತಾಳೆ. ಎಂತ ಮಾಡ್ಬೇಕು ಹೇಳಿ."

"ಅವನು ಹಗಲಿಡೀ ಕೂರಬೇಕು. ಒಬ್ಬನೇ ಉಣ್ಣಬೇಕು, ಆ ಬಟ್ಟಲಲ್ಲೇ. ಆಗ ಮನೆಯವರು ಉಸಿರಾಡ್ತಾರೆ. ನಾನು ಮೂವತ್ತು ವರ್ಷ ಕೂತೆ. ಕಂಪನಿಯಲ್ಲಿ ರಾತ್ರಿ ಪಾಳಿ ಕೇಳಿ ಪಡೆದೆ. ನನ್ನ ಮಗಳ ಮದುವೆ ಹಗಲಲ್ಲಿ ಆಯಿತು, ನಾನು ನೋಡಲಿಲ್ಲ."

"ಒಡೆದ್ರೆ?"

"ನನ್ನ ಅಣ್ಣ ಒಡೆಯಲು ಕಲ್ಲೆತ್ತಿದ. ಅವನ ಮಗನ ಉಸಿರು ಅಲ್ಲೇ ನಿಂತಿತು. ಸಮುದ್ರಕ್ಕೆ ನಾನೇ ಎಷ್ಟೋ ಸಲ ಎಸೆದೆ."

ಮೈಮೂನತ್ ಫೋನನ್ನು ತನ್ನ ಬಾಯಿಯ ಹತ್ತಿರ ತಂದಳು. "ಮತ್ತೆ ನೀವು ಹೇಗೆ ಎದ್ದಿರಿ?"

ಅತ್ತ ಕಡೆಯಿಂದ ಮಕ್ಕಳು ನಕ್ಕ ಸದ್ದು ಮಾತ್ರ ಕೇಳಿತು.

"ಎಚ್ಚರಿಕೆಯನ್ನು ಪೂರ್ತಿ ಕೇಳಿಯೂ ತಿಳಿವಳಿಕೆ ಬಂದ ಮತ್ತೊಬ್ಬ ತಾನಾಗಿ ಉಂಡರೆ, ಆ ಜಾಗ ಅವನದಾಗುತ್ತದೆ," ಎಂದ ಮುದುಕ. "ಅಡುಗೆಯವನಿಗೆ ಹೇಳಿದೆ, ಅವನು ಕೆಲಸ ಬಿಟ್ಟು ಹೋದ. ತೋಟದವನಿಗೆ ಹೇಳಿದೆ, ಅವನು ಬಟ್ಟಲು ಮುಟ್ಟಲಿಲ್ಲ. ಎಲ್ಲರೂ ಹೆದರಿದರು. ಅವತ್ತು ನಾನು ಹಗಲಲ್ಲಿ ಎದ್ದು ಹೇಳುವಾಗ ಇಲ್ಲಿ ಮೊಮ್ಮಗಳ ಗಂಟಲು ಬಾತಿತ್ತು. ನಿಮ್ಮ ಗಂಡ ನಕ್ಕ." ಅವನ ದನಿ ಒಡೆಯಿತು. "ಅಮ್ಮಾ, ನಾನೀಗ ಬಿಸಿಲಲ್ಲಿ ಮೊಮ್ಮಕ್ಕಳ ಜೊತೆ ಕೂತಿದ್ದೇನೆ. ನನ್ನನ್ನು ಕ್ಷಮಿಸಬೇಡಿ."

ಫೋನ್ ಕಡಿಯಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಎತ್ತಲಿಲ್ಲ.

ಗಾಳಿ ಎದ್ದದ್ದು ಆಗ. ಮೊದಲು ಕಿಟಕಿಯ ಸಂದಿಯಲ್ಲಿ ಸಣ್ಣ ಸಿಳ್ಳೆ. ಆಮೇಲೆ ಆಕಾಶ ಅರಿಶಿನವಾಯಿತು, ಅರಿಶಿನ ಕೆಂಪಾಯಿತು, ಕೆಂಪು ಕಪ್ಪಾಯಿತು. ಧೂಳಿನ ಗಾಳಿ ಥುಕ್ಬಾದ ಬೀದಿಗಳನ್ನು ನುಂಗಿತು. ಬೆಳಿಗ್ಗೆಯೇ ಕತ್ತಲು. ಮೈಮೂನತ್ ಒದ್ದೆ ಬಟ್ಟೆಗಳನ್ನು ಕಿಟಕಿಗೆ ತುರುಕಿದಳು. ಕರೆಂಟು ಹೋಯಿತು. ಏ.ಸಿ. ಒಮ್ಮೆ ಕೆಮ್ಮಿ ನಿಂತಿತು. ಗೋಡೆಗಳು ಬೆವರಿದವು. ಮಣ್ಣಿನ ವಾಸನೆ, ಅದರ ಅಡಿಯಲ್ಲಿ ಮುಗ್ಗಿದ ಅಕ್ಕಿಯ ವಾಸನೆ, ಆರಿದ ಧೂಪದ ವಾಸನೆ.

ಖಲೀಲ್ ಕೂತಿದ್ದ. ಅವನ ಪಾಲಿಗೆ ಅದು ಸಾವಿಗಿಂತ ಕಷ್ಟದ ಕೆಲಸ. ಹಣೆಯ ಬೆವರು ಮೂಗಿನ ಮೇಲೆ ಇಳಿದು ಅಲ್ಲೇ ತೂಗಾಡಿತು. ಕಾಲು ಜೋಮು ಹಿಡಿದು, ಜೋಮು ಉರಿಯಾಗಿ, ಉರಿ ಸೂಜಿಯಾಯಿತು. ಗಂಟಲಲ್ಲಿ ಧೂಳು. ಕೆಮ್ಮು ಬರುತ್ತಿತ್ತು. ನುಂಗಿದ. ಮತ್ತೆ ಬಂತು. ಕಣ್ಣಿನ ಮೂಲೆಯಲ್ಲಿ ಮಿಸ್ರಿಯಾ ಕಾಣುತ್ತಿದ್ದಳು, ಉಮ್ಮನ ತೊಡೆಯ ಮೇಲೆ ತಲೆಯಿಟ್ಟು, ಬಾಯಿ ತೆರೆದು ಉಸಿರಾಡುತ್ತಾ. ಅವಳಿಗಾಗಿ ಪ್ರಾಣ ಕೊಡು ಎಂದರೆ ಅವನು ನಿಂತ ನಿಲುವಿನಲ್ಲಿ ಕೊಟ್ಟುಬಿಡುತ್ತಿದ್ದ. ಪ್ರಾಣವನ್ನು ಯಾರೂ ಕೇಳಿರಲಿಲ್ಲ. ಕೂರು ಎಂದಿದ್ದರು, ಅಷ್ಟೇ.

ಆಗ ಕೇಳಿತು. ಗಾಳಿಯ ಮೊರೆತದ ಒಳಗಿನಿಂದ ಹೆಜ್ಜೆಗಳು. ಒಂದಲ್ಲ, ಹತ್ತಲ್ಲ. ಹುಲ್ಲಿನ ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು. ಸರ್, ಸರ್, ಸರ್. ಮೂರನೆಯ ಮಹಡಿಯ ಮನೆ ಅದು. ಹೆಜ್ಜೆಗಳು ಗೋಡೆಯ ಹೊರಗೆ, ಕಿಟಕಿಯ ಎತ್ತರದಲ್ಲೇ, ಮನೆಯನ್ನು ಸುತ್ತುತ್ತಿದ್ದವು. ಗಾಜಿಗೆ ಏನೋ ತಾಗಿ ಠಣ್ ಎಂದು ಬಿತ್ತು. ಬಿಡಿಗಾಸು. ಮತ್ತೊಂದು. ಮತ್ತೊಂದು. ಯಾರೋ ಅರ್ಥವಾಗದ ಭಾಷೆಯಲ್ಲಿ ಅಳುತ್ತಿದ್ದರು. ಭಾಷೆ ಅರ್ಥವಾಗದಿದ್ದರೂ ಹಸಿವು ಅರ್ಥವಾಗುತ್ತಿತ್ತು.

ಬಟ್ಟಲಿನ ಆಚೆ, ಪರದೆಯ ಸಂದಿಯಲ್ಲಿ, ಒಂದು ಪುಟ್ಟ ಹುಡುಗಿ ನಿಂತಿದ್ದಳು. ಅವಳಿಗೆ ಕುತ್ತಿಗೆಯೇ ಇರಲಿಲ್ಲ. ಗಲ್ಲ ನೇರ ಭುಜಕ್ಕೆ ಇಳಿದಿತ್ತು. ಅವಳು ಖಲೀಲನನ್ನು ನೋಡುತ್ತಿರಲಿಲ್ಲ. ಮಿಸ್ರಿಯಾಳನ್ನು ನೋಡುತ್ತಿದ್ದಳು, ಆಟಕ್ಕೆ ಜೊತೆ ಸಿಕ್ಕವಳ ಹಾಗೆ.

ಖಲೀಲ್ ಕೆಮ್ಮಿದ.

ಮಿಸ್ರಿಯಾಳ ಕಾಲು ನೆಲಕ್ಕೆ ಬಡಿಯತೊಡಗಿತು. "ಕೂತ್ಕೊಳ್ಳಿ!" ಎಂದು ಮೈಮೂನತ್ ಕೂಗಿದಳು. ಅವನು ಉಸಿರು ಕಟ್ಟಿದ. ಬಾವು ಇಳಿಯುವ ಮೊದಲೇ ತೊಡೆ ತಾನಾಗಿ ನಡುಗಿತು. ಮತ್ತೆ ಏರಿತು. ಅವನಿಗೆ ಗೊತ್ತಾಯಿತು, ತನ್ನಿಂದ ಆಗುವುದಿಲ್ಲ. ಇವತ್ತು ಸಂಜೆಯವರೆಗೆ ಆಗುವುದಿಲ್ಲ, ಮೂವತ್ತು ವರ್ಷದ ಮಾತು ಎಲ್ಲಿ ಬಂತು. ಆ ಕ್ಷಣದಲ್ಲಿ ಮುದುಕನ ಮಾತು ತಲೆಯೊಳಗೆ ಹಾವಿನಂತೆ ಹೆಡೆ ಎತ್ತಿತು. ಮತ್ತೊಬ್ಬ. ತಾನಾಗಿ. ಕಲಂದರ್ ಕೆಳಗಿನ ಮನೆಯಲ್ಲೇ ಇದ್ದಾನೆ. ಇಂಥದ್ದಕ್ಕೆಲ್ಲ ಹೆದರುವವನಲ್ಲ. ಮಗುವಿನ ಜೀವ ಅಂದರೆ ಒಂದು ತುತ್ತು ಉಂಡಾನು. ಊರಲ್ಲಿ ಅವನಿಗೂ ಎರಡು ಎಳೆಯ ಮಕ್ಕಳಿರುವುದು ಖಲೀಲನಿಗೆ ನೆನಪಿಗೆ ಬಂತು. ನೆನಪಿಗೆ ಬಂದರೂ ಎದ್ದ.

"ಎಲ್ಲಿಗೆ? ಇವರೇ, ಎಲ್ಲಿಗೆ?"

"ಕಲಂದರನ್ನು ಕರ್ಕೊಂಡು ಬರ್ತೇನೆ! ಒಂದೇ ನಿಮಿಷ!"

ಬಾಗಿಲು ತೆರೆದು ಕತ್ತಲ ಮೆಟ್ಟಿಲಿಗೆ ಬಿದ್ದ. ಧೂಳು ಬಾಯಿ ಮೂಗಿಗೆ ಹೊಕ್ಕಿತು. ಗೋಡೆ ತಡವಿದ. ಇಳಿದ. ಜಾರಿದ. ಮೊಣಕಾಲು ಒಡೆಯಿತು. ಪಕ್ಕದಲ್ಲೇ ಹುಲ್ಲಿನ ಚಪ್ಪಲಿಗಳು ಇಳಿಯುತ್ತಿದ್ದವು. ಸರ್, ಸರ್. ಬಾಗಿಲು ಬಡಿದ. "ಕಲಂದರ್! ಕಲಂದರೇ!" ತೆರೆಯಲಿಲ್ಲ. ಬಡಿದ. ಒದ್ದ. ನಿದ್ದೆಗಣ್ಣಿನ ಕಲಂದರ್ ಹೊರಗೆ ಬಂದ. "ಎಂತ ಆಯ್ತು ಖಲೀಲಿಚ್ಚ?" ಎಂದ. ಖಲೀಲ್ ಅವನ ರಟ್ಟೆ ಹಿಡಿದು ಎಳೆದ. ಹೇಳುತ್ತಾ ಹತ್ತಿದ. ಚಕ್ರವರ್ತಿ, ಬಟ್ಟಲು, ಹುಡುಗಿ. ಪೂರ್ತಿ ಹೇಳಬೇಕಿತ್ತು. ಒಂದೂ ಬಿಡಬಾರದಿತ್ತು. ಕಲಂದರ್ "ಎಂತ ಮಾರಾಯ್ರೇ, ನೋಂಬಿನ ಹಸಿವು ತಲೆಗೆ ಹತ್ತಿತಾ?" ಎಂದು ನಕ್ಕ. ಆ ನಗು ಕೇಳಿ ಖಲೀಲನ ಎದೆಯಲ್ಲಿ ಸಂತೋಷ ಉಕ್ಕಿತು. ಇವನು ನಗುತ್ತಾನೆ. ಇವನು ಉಣ್ಣುತ್ತಾನೆ.

ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಸದ್ದಿರಲಿಲ್ಲ. ಹೆಜ್ಜೆಗಳಿಲ್ಲ, ಅಳುವಿಲ್ಲ, ಮಗುವಿನ ಸಿಳ್ಳೆಯೂ ಇಲ್ಲ. ಖಲೀಲ್ ಹೊಸ್ತಿಲಲ್ಲೇ ನಿಂತ. ಒಳಗೆ ಹೋಗಲು ಧೈರ್ಯ ಬರಲಿಲ್ಲ.

"ಉಪ್ಪಾ," ಎಂದಳು ಮಿಸ್ರಿಯಾ. ಗೋಡೆಗೊರಗಿ ಕೂತಿದ್ದಳು. ಕುತ್ತಿಗೆ ಎಂದಿನ ಕುತ್ತಿಗೆ. "ಉಮ್ಮ ನೋಂಬು ಮುರಿದ್ರು."

ಮೈಮೂನತ್ ಚಾಪೆಯ ಮೇಲೆ ಕೂತಿದ್ದಳು. ಕಾಲು ಮಡಚಿ, ಕೈ ತೊಡೆಯ ಮೇಲಿಟ್ಟು, ಬೆನ್ನು ನೆಟ್ಟಗೆ. ಎದುರಿಗೆ ಬಟ್ಟಲು. ಅದರ ಅಂಚಿಗೆ, ಅಡುಗೆಮನೆಯಲ್ಲಿ ಉಳಿದಿದ್ದ ನಿನ್ನೆಯ ಗಂಜಿಯ ಒಂದೆರಡು ಅಗುಳು ಅಂಟಿದ್ದವು. ಅವಳ ಮುಖದ ಮೇಲೆ ಧೂಳು ಇಳಿಯುತ್ತಿತ್ತು. ರೆಪ್ಪೆ ಮಿಟುಕಲಿಲ್ಲ.

"ಏನು ಮಾಡಿದೆ? ಮೈಮೂ, ಏನು ಮಾಡಿದೆ ನೀನು?"

"ಅವನನ್ನು ಕಳಿಸಿ," ಎಂದಳು ತುಟಿ ಅಲುಗಿಸದೆ. ದನಿ ಉಸಿರಿನಷ್ಟೇ ಇತ್ತು. "ಪಾಪ, ಅವನಿಗೂ ಮಕ್ಕಳಿದ್ದಾರೆ."

"ನೀನು ಯಾಕೆ? ನಾನು ಕರ್ಕೊಂಡು ಬಂದೆನಲ್ಲ..."

"ನಿಮಗೆ ಕೂತು ಗೊತ್ತಿಲ್ಲ ಇವರೇ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಕೊಂದದ್ದು. "ಖಮೀಸಿನಲ್ಲಿ ನಾಲ್ಕು ವರ್ಷ ಕೂತೆ. ನೀವು ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹೋದ್ರೆ ರಾತ್ರಿ ತೆಗೀತಿದ್ರಿ. ಇಲ್ಲಿಗೆ ಬಂದು ಮತ್ತೆ ಕೂತೆ. ನಂಗೆ ಅಭ್ಯಾಸ ಉಂಟು."

ಕಲಂದರ್ ಮೆಟ್ಟಿಲಿಳಿದು ಹೋದ.

ಗಾಳಿ ಮರುದಿನ ನಿಂತಿತು. ಹಬ್ಬ ಬಂತು, ಹೋಯಿತು. ಶಾಲೆ ತೆರೆಯಿತು, ಮಿಸ್ರಿಯಾ ಬಸ್ಸು ಹತ್ತಿ ಹೋಗುತ್ತಾಳೆ, ಬಂದು ಮನೆ ತುಂಬ ಓಡಾಡುತ್ತಾಳೆ, ಕಿರುಚಿ ಹಾಡುತ್ತಾಳೆ. ಬೆಳಕು ಇರುವಷ್ಟು ಹೊತ್ತು ಅವಳ ಉಮ್ಮ ಕೂತಿರುತ್ತಾಳೆ. ಮಧ್ಯಾಹ್ನದ ನಮಾಝಿಗೆ ಬಾಗುವುದಿಲ್ಲ, ಮನಸ್ಸಿನಲ್ಲೇ ಮಾಡುತ್ತಾಳೆ. ಕತ್ತಲಾದ ಮೇಲೆ ಏಳುತ್ತಾಳೆ, ಅಡುಗೆ ಮಾಡುತ್ತಾಳೆ, ಗಂಡನಿಗೂ ಮಗಳಿಗೂ ಬಡಿಸಿ ತಾನು ಆಚೆ ತಿರುಗಿ ಕೂತು ಬಟ್ಟಲಿನ ತಣ್ಣನೆಯ ಅನ್ನವನ್ನು ಒಬ್ಬಳೇ ಉಣ್ಣುತ್ತಾಳೆ. ಊರಿನಿಂದ ಅವಳ ತಾಯಿ ಹಗಲಲ್ಲಿ ಫೋನ್ ಮಾಡಿದರೆ, "ಕೆಲಸದಲ್ಲಿದ್ದಾಳೆ, ಆಮೇಲೆ ಮಾಡ್ತಾಳೆ," ಎನ್ನುತ್ತಾನೆ ಖಲೀಲ್. ನೆರೆಯ ಹೆಂಗಸರಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಮೊದಲೂ ಅವಳನ್ನು ಯಾರೂ ಹೊರಗೆ ಕಂಡಿರಲಿಲ್ಲವಲ್ಲ.

ಒಂದು ಮುಂಜಾನೆ ಖಲೀಲನಿಗೆ ಎಚ್ಚರವಾದಾಗ ಮಿಸ್ರಿಯಾ ಮಲಗಿದ ಉಮ್ಮನ ಉಗುರು ಕತ್ತರಿಸುತ್ತಿದ್ದಳು. ಬಹಳ ಜಾಗ್ರತೆಯಿಂದ, ಉಸಿರು ಬಿಗಿಹಿಡಿದು.

"ಎಂತ ಮಾಡ್ತಿದ್ದಿ?"

"ಶ್! ಎಚ್ಚರ ಇರುವಾಗ ಕತ್ತರಿಸಬಾರದಂತೆ. ಆ ಹುಡುಗಿ ಹೇಳಿದ್ಳು."

ಖಲೀಲ್ ಎದ್ದು ಹೋಗಿ ಪರದೆಯ ಸಂದಿಯನ್ನು ಮುಚ್ಚಿದ.

ಪ್ರತಿದಿನ ಬೆಳಗಿನ ಬಾಂಗಿಗೆ ಮೊದಲು ಅವನೇ ಗಂಜಿ ಕಾಯಿಸಿ ಬಟ್ಟಲಿಗೆ ಸುರಿಯುತ್ತಾನೆ. ಹಬೆ ಫಕ್ಕನೆ ನಿಲ್ಲುತ್ತದೆ. ಚಮಚ ಅವನ ಕೈಯಲ್ಲೇ ಇರುತ್ತದೆ. ಒಂದು ತುತ್ತು ಸಾಕು. ಎಚ್ಚರಿಕೆಯನ್ನು ಅವನಷ್ಟು ಪೂರ್ತಿ ಕೇಳಿದವರಿಲ್ಲ. ತಾನಾಗಿ ಒಂದು ತುತ್ತು ಬಾಯಿಗಿಟ್ಟರೆ ಅವಳು ಎದ್ದು ಬಿಸಿಲಿಗೆ ಹೋಗಬಹುದು, ಅವಳ ಜಾಗದಲ್ಲಿ ತಾನು ಕೂರಬಹುದು. ಮ್ಯಾನೇಜರನ್ನು ಕೇಳಿದರೆ ಗೋದಾಮಿನಲ್ಲಿ ರಾತ್ರಿ ಪಾಳಿಯೂ ಸಿಗುತ್ತದೆ. ನನ್ನಿಂದ ಕೂರಲು ಆಗುವುದಿಲ್ಲ, ಮಗುವಿಗೆ ಅಪಾಯ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಅದು ನಿಜ. ನಿಜವಾದ್ದರಿಂದಲೇ ಅದನ್ನು ಹೇಳಿಕೊಳ್ಳಲು ಅವನಿಗೆ ನಾಚಿಕೆಯಾಗುತ್ತದೆ.

ಮೈಮೂನತ್ ಚಾಪೆಯ ಮೇಲೆ ಕೂತು ಅವನ ಕೈಯ ಚಮಚವನ್ನು ನೋಡುತ್ತಾಳೆ. ಬೇಡ ಎಂದು ಹೇಳುವುದಿಲ್ಲ. ಹೂಂ ಎಂದೂ ಹೇಳುವುದಿಲ್ಲ. ಕಾಯುತ್ತಾಳೆ. ಕಿಟಕಿಯಾಚೆ ಆಕಾಶ ಬೆಳ್ಳಗಾಗತೊಡಗುತ್ತದೆ. ಅವಳು ಕಣ್ಣನ್ನು ಗೋಡೆಯತ್ತ ತಿರುಗಿಸುತ್ತಾಳೆ, ಮತ್ತೆ ಸಂಜೆಯವರೆಗೆ ಅದು ಅಲ್ಲಿಂದ ಕದಲುವುದಿಲ್ಲ.

ಖಲೀಲ್ ಚಮಚವನ್ನು ಬಟ್ಟಲಿನ ಪಕ್ಕ ಇಟ್ಟು, ಗಾಡಿಯ ಕೀ ತೆಗೆದುಕೊಂಡು ಕೆಲಸಕ್ಕೆ ಹೊರಡುತ್ತಾನೆ.